‘ಮೇನ್ ತೆಗೆ’ ಎಂದವರು

೧೯೭೮ರಲ್ಲಿ, ಎಂಟನೇ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಬಡತನ ಬಿಡಿಸಿತು ಎಂದರೆ ಕೇಳುವವರಿಗೆ ಸಮಾಧಾನವಾಗುತ್ತದೆ, ಆದರೆ ಅದು ಸುಳ್ಳು. ಮನೆಯಲ್ಲಿ ಉಣ್ಣಲು ಇತ್ತು. ಬೀಜಗಣಿತದ ಮಾಸ್ತರು ‘ತಿಳೀತೇನು?’ ಎಂದು ಕೇಳಿದಾಗ ಎದ್ದು ನಿಂತು ‘ಇಲ್ರೀ’ ಎನ್ನುವುದು ನನ್ನಿಂದಾಗಲಿಲ್ಲ, ಅಷ್ಟೆ. ಗದಗಿನಲ್ಲಿ ಒಂದು ಮೋಟರ್ ರಿವೈಂಡಿಂಗ್ ಅಂಗಡಿ ಸೇರಿದೆ. ಸುಟ್ಟ ಮೋಟರಿನ ತಾಮ್ರ ಬಿಚ್ಚಿ ಹೊಸ ತಾಮ್ರ ಸುತ್ತುವ ಕೆಲಸ. ಅಲ್ಲಿ ಯಾರೂ ‘ತಿಳೀತೇನು’ ಎಂದು ಕೇಳುತ್ತಿರಲಿಲ್ಲ. ಮೋಟರ್ ತಿರುಗಿದರೆ ತಿಳಿದಿದೆ, ತಿರುಗದಿದ್ದರೆ ಇಲ್ಲ. ಹದಿನೈದು ವರ್ಷ ಅದನ್ನೇ ಮಾಡಿದೆ. ಕೊನೆಕೊನೆಗೆ ಮುಚ್ಚಳ ಬಿಚ್ಚುವ ಮೊದಲೇ, ವಾಸನೆ ಹಿಡಿದು, ಇದು ಓವರ್‌ಲೋಡಿಗೆ ಸುಟ್ಟದ್ದೋ ನೀರು ಹೊಕ್ಕು ಸುಟ್ಟದ್ದೋ ಹೇಳುತ್ತಿದ್ದೆ. ಹೆಮ್ಮೆ ಎನ್ನುತ್ತೀರಾ? ಅನ್ನಿ. ಓದಿದವರಿಗೆ ಕಾಗದ ಇರುತ್ತದೆ, ನನಗೆ ಮೂಗು ಇತ್ತು.

ಹೋದ ತಿಂಗಳು ಕಾರ್ಕಳದ ಕಡೆಯಿಂದ ಒಂದು ಫೋನ್ ಬಂತು. ಗುರುತಿಲ್ಲದ ದನಿ. ‘ಅಪ್ಪನ ಡೈರಿಯಲ್ಲಿ ನಿಮ್ಮ ನಂಬರ್ ಇತ್ತು. ಗದಗ ಅಂತ ಮಾತ್ರ ಬರ್ದಿದ್ರು. ಅಪ್ಪ ತೀರಿಕೊಂಡ್ರು’ ಎಂದಿತು. ಯಾರ ಮಗ ಎಂದು ಕೇಳಬೇಕಾಗಲಿಲ್ಲ. ಗದಗ ಎಂದು ನನ್ನನ್ನು ಕರೆಯುತ್ತಿದ್ದವರು ಒಬ್ಬರೇ. ನನ್ನ ಬಾಯಿಂದ ಮೊದಲು ಹೊರಟ ಮಾತು, ‘ಕರೆಂಟಿಂದೇನ್ರೀ?’

ಆ ಹುಡುಗನಿಗೆ ಆಶ್ಚರ್ಯವಾಗಿರಬೇಕು. ‘ಅಲ್ಲ, ಅಲ್ಲ. ಹಾರ್ಟು. ಮಲಗಿದಲ್ಲೇ ಹೋದ್ರು’ ಎಂದ.

ನನಗೆ ಸಮಾಧಾನವಾಯಿತು. ಸಾವಿನ ಸುದ್ದಿಗೆ ಸಮಾಧಾನಪಟ್ಟುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಅವರು ಊರಿಗೆ ಮರಳಿದ ಎಂಟು ವರ್ಷದಿಂದ ಅವರ ಕಡೆಯ ಫೋನ್ ಎಂದರೆ ನನ್ನ ಹೊಟ್ಟೆಯಲ್ಲಿ ಆ ಪ್ರಶ್ನೆ ಸಿದ್ಧವಾಗಿ ಕೂತಿರುತ್ತಿತ್ತು. ಏಕೆ ಎಂಬುದನ್ನು ಬರೆಯಲೇಬೇಕು.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯಾದರೂ ಅಚ್ಚಾಗಿ ಕಂಡರೆ ‘ಯಾವ ಕಾಗದಕ್ಕೆ ಸೈನ್ ಹಾಕಿದ್ದೆನಾ ಏನಾ’ ಎಂದು ಗಾಬರಿಯಾಗುತ್ತಿದ್ದ ಮನುಷ್ಯ ಅವರು. ಅಬುಧಾಬಿಯ ಮರಳುಗಾಡಿನ ಕ್ಯಾಂಪೊಂದರಲ್ಲಿ ನಾವು ಜೊತೆಗಿದ್ದಾಗ ಅವರ ಹುದ್ದೆ ಚಾರ್ಜ್‌ಹ್ಯಾಂಡ್: ಫೋರ್ಮನ್‌ಗಿಂತ ಒಂದು ಮೆಟ್ಟಿಲು ಕೆಳಗೆ, ನಮ್ಮಂಥವರಿಗಿಂತ ಒಂದು ಮೆಟ್ಟಿಲು ಮೇಲೆ. ಕ್ಯಾಂಪಿನ ಮಂದಿ ಅದನ್ನೇ ಹೆಸರು ಮಾಡಿದ್ದರು. ಅದರ ಮೇಲೊಂದು ಚೇಷ್ಟೆಯೂ ಇತ್ತು: ‘ಅವರದು ಬಲಗೈ ಮಾತ್ರ ಚಾರ್ಜ್‌ಹ್ಯಾಂಡ್, ಎಡಗೈ ವೆಕೇಷನ್ ಮೇಲೈತಿ.’ ಯಾಕೆಂದರೆ ಪ್ಯಾನೆಲ್ ಮುಂದೆ ನಿಂತರೆ ಅವರ ಎಡಗೈ ಪ್ಯಾಂಟಿನ ಜೇಬಿನೊಳಗೆ. ಎರಡೂ ಕೈ ಒಳಗಿದ್ದರೆ ಕರೆಂಟು ಒಂದರಿಂದ ಹೊಕ್ಕು ಎದೆ ದಾಟಿ ಇನ್ನೊಂದರಿಂದ ಹೊರಡುತ್ತದೆ ಎಂಬ ಭಯ. ನಿಜವಾದ ಭಯವೇ. ಆದರೆ ಅವರು ಚಹಾ ಸೋಸುವಾಗಲೂ ಎಡಗೈ ಜೇಬಿನಲ್ಲೇ ಇರುತ್ತಿತ್ತು.

ತೆಳ್ಳಗೆ, ಎತ್ತರ, ಸ್ವಲ್ಪ ಬಾಗಿದ ಬೆನ್ನು. ಕೋಣೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವರು ತಿರುಗಿ ಬಂದು ಬೀಗ ಜಗ್ಗಿ ನೋಡುವರು. ಕೈಯಲ್ಲಿ ಯಾವಾಗಲೂ ಎರಡು ವೈರು ಇಳಿಬಿಟ್ಟ ಬಲ್ಬಿನ ಟೆಸ್ಟರು. ಅದನ್ನು ಮೊದಲು ಕರೆಂಟ್ ಇರುವ ಕಡೆ ಹಚ್ಚಿ ಬೆಳಗುತ್ತದೆಯೇ ನೋಡುವರು. ಆಮೇಲೆ ಕೆಲಸದ ಜಾಗಕ್ಕೆ ಹಚ್ಚುವರು. ಅಲ್ಲಿ ಬೆಳಗದಿದ್ದರೆ ಮತ್ತೆ ಕರೆಂಟ್ ಇರುವ ಕಡೆ ಹಚ್ಚಿ, ಈ ನಡುವೆ ಟೆಸ್ಟರೇ ಸತ್ತಿಲ್ಲವಷ್ಟೆ ಎಂದು ಖಾತ್ರಿ ಮಾಡಿಕೊಳ್ಳುವರು. ಇಷ್ಟಾದ ಮೇಲೆ ಸ್ಪ್ಯಾನರ್.

‘ಅಣ್ಣಾರ, ಅದು ಟೆಸ್ಟರ್ ಐತ್ರೀ, ದೇವ್ರಲ್ಲ. ಎಷ್ಟ ಸಲ ಕೈ ಮುಗೀತೀರಿ?’ ಎಂದೆ ಒಮ್ಮೆ.

‘ದೇವರಿಗೆ ಒಂದು ಸಲ ಸಾಕು ಮಾರಾಯ. ಅವ ಸುಳ್ಳು ಹೇಳುದಿಲ್ಲ. ಇದರ ಬಲ್ಬು ಹೋಗಿದ್ರೆ?’

‘ನಾವು ಗದಗಿನ್ಯಾಗ ಬರೇ ಬೆರಳಿಲೇ ಮುಟ್ಟಿ ನೋಡ್ತಿದ್ವಿ.’

‘ಹಾಗೆ ಮುಟ್ಟಿದವರು ಎಷ್ಟು ಜನ ಇದ್ದಾರೆ ಈಗ?’ ಎಂದು ಕೇಳಿದರು. ನಗಲಿಲ್ಲ. ‘ಹೆದರುವವ ಎಲೆಕ್ಟ್ರಿಷಿಯನ್, ಗದಗ. ಹೆದರದವ ಗೋಡೆ ಮೇಲಿನ ಫೋಟೋ.’

ಅವರನ್ನು ನಾನು ಪುಕ್ಕಲ ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಎರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ನನ್ನ ವಿಷಯ ಒಂದು ಮಾತು. ೧೯೯೩ರಲ್ಲಿ ದುಬೈಗೆ ಬಂದವನು ನಾನು. ಅಲ್ಲಿನ ದೇರಾ ಪೇಟೆಯಲ್ಲಿ ಒಂದೇ ಕೋಣೆಯಲ್ಲಿ ಹನ್ನೊಂದು ಜನರ ಜೊತೆ ಆರು ವರ್ಷ ಇದ್ದು, ಆಮೇಲೆ ಕಂಪನಿಯ ಜೊತೆ ಅಬುಧಾಬಿಯ ಪಶ್ಚಿಮಕ್ಕೆ, ಮದೀನತ್ ಜಾಯೆದ್ ದಾಟಿ ಮರಳಿನೊಳಗಿದ್ದ ಕ್ಯಾಂಪಿಗೆ ಹೋದೆ. ನನ್ನ ಬತಾಕದ ಮೇಲೆ, ಅಂದರೆ ಲೇಬರ್ ಕಾರ್ಡಿನ ಮೇಲೆ, ‘ಆಮಿಲ್’ ಎಂದು ಬರೆದಿತ್ತು. ಬರೀ ಕೂಲಿ. ಮಾಡುತ್ತಿದ್ದದ್ದು ಎಲೆಕ್ಟ್ರಿಷಿಯನ್ ಕೆಲಸ, ಇದ್ದದ್ದು ಕೂಲಿಯ ಬತಾಕ. ಅರಬಿ ಓದಲು ಬರದಿದ್ದರೂ ಆ ಅಕ್ಷರದ ಆಕಾರ ನನಗೆ ಗೊತ್ತಿತ್ತು. ಕನ್ನಡಿಯಲ್ಲಿ ಮುಖದ ಕಲೆ ಗೊತ್ತಿರುವ ಹಾಗೆ.

೨೦೦೧ರ ಬೇಸಿಗೆ ಶುರುವಾಗುವಾಗ ಕಾರವಾನಿನ ಕೆಲಸ ಬಂತು.

ಇಲ್ಲಿ ಕಾರವಾನ್ ಎಂದರೆ ಊರಿನವರು ಬೇರೇನೋ ಅಂದುಕೊಳ್ಳುತ್ತಾರೆ. ತಗಡು, ಪ್ಲೈವುಡ್ಡಿನ ಉದ್ದನೆಯ ಡಬ್ಬಿಯಂಥ ಕೋಣೆ ಅದು. ಕ್ರೇನಿನಿಂದ ಎತ್ತಿ, ಲಾರಿಯಲ್ಲಿ ಒಯ್ದು, ಮರಳಿನ ಮೇಲೆ ಮರದ ದಿಮ್ಮಿಯಿಟ್ಟು ಇಳಿಸಿದರೆ ಅದೇ ಆಫೀಸು, ಅದೇ ಅಡುಗೆಮನೆ, ಅದೇ ನಮ್ಮ ಮನೆ. ಕ್ಯಾಂಪಿನಲ್ಲಿ ಮುನ್ನೂರು ಜನ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರಬೇಕು. ಮರಳಿನ ಗಾಳಿ ಬೀಸಿ ರಸ್ತೆ ಮುಚ್ಚಿದ ದಿನ ಟ್ಯಾಂಕರ್ ಇಲ್ಲ. ಹಾಗಾಗಿ ಅಲ್ಲೇ ಬಾವಿ ಕೊರೆದು, ಆ ಉಪ್ಪುನೀರನ್ನು ಸಿಹಿ ಮಾಡುವ ಮಷೀನು ತರಿಸಿದರು. ಅದನ್ನು ಒಂದು ಹಳೆಯ ಆಫೀಸ್ ಕಾರವಾನಿನೊಳಗೆ ಕೂರಿಸಬೇಕು. ಆ ಕಾರವಾನಿಗೆ ಇದ್ದ ವೈರಿಂಗ್ ಎರಡು ಟ್ಯೂಬ್‌ಲೈಟು, ಒಂದು ಏಸಿ, ಒಂದು ಚಹಾ ಕೆಟಲ್ಲಿಗೆ ಮಾಡಿದ್ದು. ಮಷೀನಿನ ಪಂಪಿನ ಮೋಟರು ಮೂವತ್ತು ಹಾರ್ಸ್‌ಪವರ್.

ಸೈಟ್ ಇಂಜಿನಿಯರ್ ಸೂಡಾನಿನವರು. ಹಿಂದಿ ಅರ್ಧ, ಅರಬಿ ಅರ್ಧ. ‘ದಸ್ ದಿನ್, ಯಲ್ಲಾ!’ ಎಂದರು. ಹತ್ತು ದಿನ, ಬೇಗ ಎಂದು. ಆಮೇಲೆ ಚಾರ್ಜ್‌ಹ್ಯಾಂಡ್ ಹತ್ತಿರ ಮೆಲ್ಲಗೆ ಮಾತಾಡಿದರು. ಆ ಮಾತನ್ನು ಚಾರ್ಜ್‌ಹ್ಯಾಂಡ್ ನನಗೆ ತಿಳಿಸಿ ಹೇಳಿದ್ದು ಇಷ್ಟು: ಕೆಲಸ ಮುಗಿದ ಮೇಲೆ ಸೇಫ್ಟಿ ಇನ್‌ಸ್ಪೆಕ್ಟರ್ ಬರುತ್ತಾನೆ. ಎಲ್ಲ ಸರಿಯಿದ್ದರೆ ಎರಡು ಕಾಗದ ಅಬುಧಾಬಿಗೆ ಹೋಗುತ್ತವೆ. ಒಂದು, ಚಾರ್ಜ್‌ಹ್ಯಾಂಡ್ ಇನ್ನು ಫೋರ್ಮನ್. ಇನ್ನೊಂದು, ನನ್ನ ಬತಾಕದಲ್ಲಿ ‘ಆಮಿಲ್’ ಹೋಗಿ ‘ಕಹರಬಾಯಿ’, ಅಂದರೆ ಎಲೆಕ್ಟ್ರಿಷಿಯನ್. ಆದರೆ ನನ್ನ ಕಾಗದಕ್ಕೆ ‘ಈ ಮನುಷ್ಯ ಲಾಯಕ್ಕು’ ಎಂದು ಚಾರ್ಜ್‌ಹ್ಯಾಂಡ್ ಸಹಿ ಹಾಕಬೇಕು.

‘ಮತ್ತ ಏನರ ಹೆಚ್ಚುಕಮ್ಮಿ ಆದ್ರ?’ ಎಂದೆ.

‘ಕೂಲಿ ಬತಾಕದವ ಪ್ಯಾನೆಲಿಗೆ ಕೈ ಹಾಕಿದ್ದು ಯಾಕೆ ಅಂತ ಕೇಳ್ತಾರೆ. ಆಗ ನೀನು ಖಲಾಸ್. ವೀಸಾ ಕ್ಯಾನ್ಸಲ್, ಊರಿಗೆ.’

ಆ ಶುಕ್ರವಾರ ಫೋನಿನಲ್ಲಿ ಹೆಂಡತಿಗೆ ಹೇಳಿಬಿಟ್ಟೆ. ಹೇಳಬಾರದಿತ್ತು. ಎಲೆಕ್ಟ್ರಿಷಿಯನ್ ಆದರೆ ಅವಳನ್ನೂ ಮಗಳನ್ನೂ ಕರೆಸಿಕೊಳ್ಳುವ ದಾರಿ ತೆರೆಯುತ್ತಿತ್ತು. ಕೂಲಿಗೆ ಆ ದಾರಿಯಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಅವಳ ಮೊದಲ ಮಾತು ‘ಆತೇನ್ರೀ?’ ನನ್ನದು ‘ಆಗಾಕತ್ತೈತಿ.’

ಮೋಟರ್ ಕೆಲಸದವರಿಗೆ ಗೊತ್ತು: ನಿಂತ ಮೋಟರ್ ಏಳುವಾಗ, ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕೆಸರಿನಲ್ಲಿ ಹೂತ ಚಕ್ಕಡಿ ಕಿತ್ತು ಬರುವಾಗ ಎತ್ತು ಜಗ್ಗಿದ ಹಾಗೆ. ಹಳೆಯ ವೈರಿಗೆ ಅದನ್ನು ಕಟ್ಟಿದರೆ ಕಾರವಾನೇ ಒಲೆ. ಇದ್ದಬದ್ದ ವೈರೆಲ್ಲ ಕಿತ್ತೆವು. ಜನರೇಟರಿನಿಂದ ಅರವತ್ತು ಮೀಟರ್ ಕಾಲುವೆ ತೋಡಿ ಕೊಡಲಿ ಕಾವಿನಷ್ಟು ದಪ್ಪದ ಕೇಬಲ್ ಹೂತೆವು. ಅದು ಕಾರವಾನಿನ ಗೋಡೆ ಹೊಗುವ ತೂತಿನಲ್ಲಿ ತಗಡಿನ ಅಂಚು ಕೇಬಲನ್ನು ಕೊಯ್ಯದ ಹಾಗೆ ಚಾರ್ಜ್‌ಹ್ಯಾಂಡ್ ಅರ್ಧ ದಿನ ಅರ ಹಾಕಿ ಉಜ್ಜಿದರು. ಬೆರಳು ಆಡಿಸಿ ನೋಡುವುದು, ಮತ್ತೆ ಉಜ್ಜುವುದು.

ಕೇಬಲಿನ ತುದಿಗೆ ಹಾಕುವ ತಾಮ್ರದ ಲಗ್ ತರಲು ಒಂದು ಗುರುವಾರ ದೇರಾಕ್ಕೆ ಹೋದೆವು. ನಾಲ್ಕು ತಾಸಿನ ದಾರಿ. ಭಟ್ಕಳದ ಒಬ್ಬ ಸಾಹೇಬರ ಅಂಗಡಿ. ಚಾರ್ಜ್‌ಹ್ಯಾಂಡ್ ಪ್ರತಿಯೊಂದು ಲಗ್ಗನ್ನೂ ಚಾಕುವಿನಿಂದ ಕೆರೆದು, ಒಳಗೂ ತಾಮ್ರವೋ ಬರೀ ಮೇಲಿನ ಲೇಪವೋ ಎಂದು ನೋಡತೊಡಗಿದರು. ಇಪ್ಪತ್ತನಾಲ್ಕು ಲಗ್. ಸಾಹೇಬರು ಸುಮ್ಮನೆ ನೋಡುತ್ತಿದ್ದು ಕೊನೆಗೆ ಹೇಳಿದರು: ‘ಅಲ್ಲ ಮಾರಾಯ್ರೇ, ನೀವು ಲಗ್ ನೋಡ್ಲಿಕ್ಕೆ ಬಂದದ್ದಾ, ಹುಡುಗಿ ನೋಡ್ಲಿಕ್ಕೆ ಬಂದದ್ದಾ?’

‘ಹುಡುಗಿ ಆದ್ರೆ ಇಷ್ಟು ನೋಡ್ತಿರ್ಲಿಲ್ಲ ಸಾಹೇಬ್ರೇ. ಮದುವೆಯಲ್ಲಿ ಬೆಂಕಿ ಹತ್ತುದು ಹೋಮಕುಂಡಕ್ಕೆ ಮಾತ್ರ’ ಎಂದರು ಇವರು. ಮುಖದಲ್ಲಿ ನಗುವಿಲ್ಲ. ಸಾಹೇಬರು ಬಿದ್ದು ಬಿದ್ದು ನಕ್ಕು ಸುಲೈಮಾನಿ ಚಹಾ ತರಿಸಿದರು.

ಆಮೇಲೆ ಅರ್ಥಿಂಗ್. ಒಣ ಮರಳಿನಲ್ಲಿ ಎಂಟಡಿ ಸರಳು ಹೊಡೆದರೂ ಅದು ಭೂಮಿಯನ್ನು ಮುಟ್ಟಿದಂತಲ್ಲ. ಸುತ್ತ ಉಪ್ಪು, ಇದ್ದಲು ತುಂಬಿ ಚಾರ್ಜ್‌ಹ್ಯಾಂಡ್ ದಿನಾ ಒಂದು ಬಕೆಟ್ ನೀರು ಹೊಯ್ಯುತ್ತಿದ್ದರು. ಕುಡಿಯುವ ನೀರಿಗೆ ಸಾಲು ನಿಲ್ಲುವ ಕ್ಯಾಂಪಿನಲ್ಲಿ ಕಬ್ಬಿಣದ ಸರಳಿಗೆ ನೀರು! ‘ಏನ್ ಚಾಚಾ, ಯಾವಾಗ ಚಿಗುರ್ತದ?’ ಎಂದು ಬೀದರಿನ ಡ್ರೈವರ್ ಕೇಳುತ್ತಿದ್ದ. ಕಾರವಾನಿನ ಬಾಗಿಲಿಗೂ ಬೇರೆಯಾಗಿ ಒಂದು ಅರ್ಥ್ ವೈರು ಹಾಕಿಸಿದರು. ಭೂಮಿಗೆ ಕರೆಂಟು ಇಳಿಸಲು ಬಾಗಿಲಿನ ಕೀಲನ್ನು ನಂಬಬಾರದಂತೆ. ‘ಮೊದಲು ಮುಟ್ಟುದು ಬಾಗಿಲು. ಗೋಡೆಯಲ್ಲಿ ಕರೆಂಟ್ ಬಂದ್ರೆ ಮೊದಲು ಹೋಗುದೂ ಬಾಗಿಲು ತೆಗೆದವ.’

ನನ್ನದೂ ಒಂದು ಘಳಿಗೆ ಬಂತು, ಅದನ್ನು ಬರೆಯದೆ ಬಿಡಲಾರೆ. ಮೋಟರನ್ನು ಮೊದಲು ಮೆಲ್ಲಗೆ ಏಳಿಸಿ ಆಮೇಲೆ ಪೂರ್ತಿ ಕರೆಂಟು ಕೊಡುವ ಸ್ಟಾರ್ಟರ್ ಪೆಟ್ಟಿಗೆ ಬರುತ್ತದೆ, ಅದಕ್ಕೆ ಮೋಟರಿನ ಆರು ವೈರು ಹೋಗಬೇಕು. ಬಂದ ಮೋಟರಿನ ವೈರಿನ ಮೇಲಿದ್ದ ಚೀಟಿಗಳು ನನಗೆ ಸರಿ ಕಾಣಲಿಲ್ಲ. ಬ್ಯಾಟರಿ, ಸಣ್ಣ ಬಲ್ಬು ಹಿಡಿದು ಒಂದೊಂದೇ ಸುತ್ತನ್ನು ಹುಡುಕಿದೆ. ಎರಡು ಚೀಟಿ ಅದಲುಬದಲಾಗಿದ್ದವು. ಹಾಗೇ ಕಟ್ಟಿದ್ದರೆ ಮೋಟರ್ ಸುಡುತ್ತಿತ್ತು. ಚಾರ್ಜ್‌ಹ್ಯಾಂಡ್ ನನ್ನ ಲೆಕ್ಕವನ್ನು ಎರಡು ಸಲ ತಾವೇ ಪರೀಕ್ಷಿಸಿ, ‘ನಿನ್ನ ಕೈಗೆ ಕಣ್ಣು ಉಂಟು ಮಾರಾಯ’ ಎಂದರು. ಅಂದು ನಾನು ನೆಲದ ಮೇಲೆ ನಡೆಯಲಿಲ್ಲ.

ಎಂಟನೆಯ ದಿನ.

ಮುಂಜಾನೆಯಿಂದ ಬಾವಿಯ ಪೈಪು ನೋಡುತ್ತಿದ್ದೆವು. ಅವರು ಕಾರವಾನಿನಲ್ಲಿ, ನಾನು ಅರವತ್ತು ಮೀಟರ್ ದೂರ ಜನರೇಟರ್ ಶೆಡ್ಡಿನಲ್ಲಿ. ಪೈಪಿನ ವಾಲ್ವ್ ಇದ್ದದ್ದೂ ಅಲ್ಲೇ, ಕಾರವಾನಿಗೆ ಕರೆಂಟು ಕಳಿಸುವ ಮೇನ್ ಇದ್ದದ್ದೂ ಅಲ್ಲೇ. ಇಬ್ಬರ ಕೈಯಲ್ಲೂ ವಾಕಿಟಾಕಿ. ‘ಗದಗ, ವಾಲ್ವ್ ತೆಗೆ’ ಎನ್ನುವರು. ನಾನು ವಾಲ್ವ್ ತಿರುಗಿಸಿ ನೀರು ಬಿಡುವೆ. ‘ಮುಚ್ಚು’ ಎನ್ನುವರು, ಮುಚ್ಚುವೆ. ‘ತೆಗೆ.’ ‘ತಗದೇನ್ರೀ.’ ಹೀಗೆ ಹತ್ತು ಸಲ ಆಗಿರಬೇಕು. ಊಟಕ್ಕೆ ಹೋಗುವ ಮೊದಲು ನಾನು ಮೇನಿನ ಹಿಡಿಕೆಯನ್ನು ಕೆಳಗೆ ಎಳೆದು ಆಫ್ ಮಾಡಿದೆ. ಒಳ್ಳೆಯ ಬುದ್ಧಿಯಿಂದಲೇ ಮಾಡಿದ್ದು. ಅವರಿಗೆ ಹೇಳಲಿಲ್ಲ.

ಊಟವಾದ ಮೇಲೆ ಅವರು ಸ್ಟಾರ್ಟರಿನ ಬೋಲ್ಟು ಬಿಗಿ ಮಾಡಲು ಕಾರವಾನಿನೊಳಗೆ ಹೋದರು. ಟ್ಯೂಬ್‌ಲೈಟು ಇನ್ನೂ ಕಟ್ಟಿರಲಿಲ್ಲ, ಒಳಗೆ ಕರೆಂಟು ಇದೆಯೋ ಇಲ್ಲವೋ ನೋಡಿದರೆ ತಿಳಿಯುತ್ತಿರಲಿಲ್ಲ. ನಾನು ಶೆಡ್ಡಿಗೆ. ಮೂರು ನಿಮಿಷದಲ್ಲಿ ವಾಕಿಟಾಕಿಯಲ್ಲಿ ದನಿ: ‘ಗದಗ, ಮೇನ್ ತೆಗೆ.’

ನಾನು ಮೇನ್ ನೋಡಿದೆ. ಅದು ಆಫ್ ಇತ್ತು. ಆಫ್ ಇದ್ದದ್ದನ್ನು ತೆಗೆಯುವುದೆಂದರೆ? ನಮ್ಮ ಕಡೆ ಬಾಗಿಲು ತೆಗೆ, ನಳ ತೆಗೆ ಎಂದರೆ ಬಿಡು ಎಂದೇ ಅರ್ಥ. ಮುಂಜಾನೆಯಿಂದ ಅವರೂ ಅದೇ ಅರ್ಥದಲ್ಲಿ ಹೇಳಿದ್ದರು. ಹಿಡಿಕೆಯ ಮೇಲೆ ನನ್ನ ಕೈ ಒಂದು ಕ್ಷಣ ನಿಂತಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ: ಕೇಳಬೇಕು ಅಂತ ನನಗೆ ಅನಿಸಿತ್ತು. ವಾಕಿಟಾಕಿ ಬಾಯಿಯ ಹತ್ತಿರ ತಂದೂ ಇದ್ದೆ. ‘ಇಷ್ಟೂ ತಿಳಿಯುವುದಿಲ್ಲವೇ ಇವನಿಗೆ’ ಎಂದು ಅವರಿಗೆ ಅನಿಸಿದರೆ? ಇನ್ನೆರಡು ದಿನಕ್ಕೆ ನನ್ನ ಕಾಗದಕ್ಕೆ ಸಹಿ ಹಾಕಬೇಕಾದವರು ಅವರು.

ಹಿಡಿಕೆ ಮೇಲೆತ್ತಿದೆ. ‘ತಗದೇನ್ರೀ’ ಎಂದೆ.

‘ತೆಗ್ದೆಯಾ? ಸರಿಯಾಗಿ?’

‘ಹೂಂ ರೀ, ಪೂರ್ತಿ ತಗದೇನಿ.’

ಆಮೇಲೆ ಏನೂ ಕೇಳಿಸಲಿಲ್ಲ. ಜನರೇಟರಿನ ಸದ್ದು ಮಾತ್ರ. ಹೊರಗೆ ಬಂದು ನೋಡಿದರೆ ಅವರು ಕಾರವಾನಿನ ಬಾಗಿಲಲ್ಲಿ ನಿಂತಿದ್ದರು. ಬಲಗೈಯಲ್ಲಿ ಟೆಸ್ಟರು ಇತ್ತು. ಎರಡು ಮೆಟ್ಟಿಲಿಳಿದು, ಮೂರನೆಯದರ ಮೇಲೆ ಕೂತುಬಿಟ್ಟರು. ನಾನು ಓಡಿದೆ.

‘ಏನಾತ್ರೀ ಅಣ್ಣಾರ?’

‘ನೀರು ಕೊಡು.’

ಕೊಟ್ಟೆ. ಅರ್ಧ ಕುಡಿದು ಬಾಟಲಿಯ ಮುಚ್ಚಳವನ್ನು ಎರಡು ಸಲ ಬಿಗಿ ಮಾಡಿದರು. ಆಮೇಲೆ ಕೇಳಿದರು:

‘ನೀನು ಎಂಥ ತೆಗ್ದೆ?’

‘ಮೇನ್ ರೀ. ವಾಲ್ವ್ ತಗದಂಗ.’

‘ನಾನು ಆಫ್ ಮಾಡ್ಲಿಕ್ಕೆ ಹೇಳಿದ್ದು. ನಮ್ಮಲ್ಲಿ ಮೇನ್ ತೆಗೆ ಅಂದ್ರೆ ಅದೇ.’

‘ಅದು ಮೊದಲ ಆಫ್ ಇತ್ರೀ! ಊಟಕ್ಕ ಹೋಗೂಮುಂದ ನಾನ ಎಳದಿದ್ದೆ. ಆಫ್ ಇದ್ದದ್ದನ್ನ ಇನ್ನೇನ್ ತಗೀಲಿ?’

‘ಆಫ್ ಮಾಡಿದ್ದನ್ನು ನನಗೆ ಹೇಳಿದ್ಯಾ?’

ಹೇಳಿರಲಿಲ್ಲ.

‘ಆಫ್ ಉಂಟಲ್ಲ, ಇನ್ನೆಂಥ ತೆಗೆಯುದು ಅಂತ ಕೇಳಿದ್ಯಾ?’

ಕೇಳಿರಲಿಲ್ಲ. ಅವರು ಸ್ಪ್ಯಾನರ್ ಹಿಡಿದಿದ್ದರಂತೆ. ನನ್ನ ‘ಪೂರ್ತಿ ತಗದೇನಿ’ ಕೇಳಿ ನಿಶ್ಚಿಂತೆಯಾಗಿ ಬೋಲ್ಟಿಗೆ ಇಡಬೇಕು, ಅಷ್ಟರಲ್ಲಿ ಅಭ್ಯಾಸದ ಕೈ ಸ್ಪ್ಯಾನರನ್ನು ಕೆಳಗಿಟ್ಟು ಟೆಸ್ಟರ್ ತೆಗೆದುಕೊಂಡಿತು. ಬಲ್ಬು ಬೆಳಗಿತು. ಅಷ್ಟೇ ನಡೆದದ್ದು. ಅಂದರೆ ಏನೂ ನಡೆಯಲಿಲ್ಲ.

‘ಯಾರೂ ನೋಡಿಲ್ರೀ’ ಎಂದೆ. ಈಗ ಬರೆಯುವಾಗಲೂ ಆ ಮಾತಿಗೆ ಕಿವಿ ಬಿಸಿಯಾಗುತ್ತದೆ. ‘ಏನೂ ಆಗಿಲ್ಲ. ಬಿಟ್ಟುಬಿಡ್ರಿ.’

‘ನಾನು ನೋಡಿದ್ದೇನಲ್ಲ’ ಎಂದು ಎದ್ದು ಹೋದರು.

ಅಂದೇ ಅವರು ಸೇಫ್ಟಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದರು. ತಗಡಿನ ಮೇಜಿನ ಆಚೆ ನಾನು ನಿಂತಿದ್ದೆ. ನನಗೆ ಆ ಅಕ್ಷರ ಬಿಡಿಸಲು ಬರುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಬರೆದು ಮುಗಿಸುವವರೆಗೆ ನಾನು ಮನಸ್ಸಿನಲ್ಲಿ ಪೆಟ್ಟಿಗೆ ಕಟ್ಟಿ, ವಿಮಾನ ಹತ್ತಿ, ಗದಗ ಸ್ಟೇಷನ್ನಿನಲ್ಲಿ ಇಳಿದೂ ಆಗಿತ್ತು.

‘ಏನ್ ಬರದ್ರಿ?’

‘ಕೊಟ್ಟ ಆರ್ಡರ್ ಸ್ಪಷ್ಟ ಇರಲಿಲ್ಲ. ಆರ್ಡರ್ ಕೊಟ್ಟವ ನಾನು. ಇಷ್ಟೇ.’

‘ನನ್ನ ಸಲುವಾಗಿ ಸುಳ್ಳ ಬರೀಬ್ಯಾಡ್ರಿ.’

‘ನಿನ್ನ ಸಲುವಾಗಿ ಯಾಕೆ ಬರೀಲಿ? ನಿಜವೇ ಅದು. ಬೆಳಿಗ್ಗೆಯಿಂದ ತೆಗೆ ಅಂದ್ರೆ ಬಿಡು ಅಂತ ನಾನೇ ಕಲಿಸಿದ್ದು. ಮಧ್ಯಾಹ್ನ ತೆಗೆ ಅಂದ್ರೆ ನಿಲ್ಲಿಸು ಅಂತ ಮಾಡಿದ್ದೂ ನಾನೇ. ಕರೆಂಟಿಗೆ ಕಾರ್ಕಳ ಗದಗ ಗೊತ್ತುಂಟಾ?’

ಮರುದಿನ ಕಾರವಾನಿನ ಒಳಗೋಡೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದಿದ್ದರು: ತೆಗೆ, ಬಂದ್, ಖಲಾಸ್ ಈ ಮೂರು ಮಾತು ಕರೆಂಟಿನ ಹತ್ತಿರ ಆಡಬಾರದು. ‘ಕರೆಂಟ್ ಉಂಟು’, ‘ಕರೆಂಟ್ ಇಲ್ಲ’ ಎಂದಷ್ಟೇ ಹೇಳಬೇಕು. ಹೇಳಿದ್ದನ್ನು ಕೇಳಿದವನು ವಾಪಸ್ ಹೇಳಬೇಕು. ಒಂದು ವಾರದೊಳಗೆ ಕನ್ನಡವೇ ಬಾರದ ಪೇಶಾವರದ ವೆಲ್ಡರ್ ಕೂಡ ‘ಕರೆಂಟ್ ಉಂಟು?’ ಎಂದು ಕೇಳತೊಡಗಿದ್ದ.

ಇನ್‌ಸ್ಪೆಕ್ಟರ್ ಬಂದ ದಿನ ನನಗೆ ಬೆಳಗಿನಿಂದ ನೀರೂ ಇಳಿದಿರಲಿಲ್ಲ. ಅವನು ಬಾಗಿಲಿನ ಅರ್ಥ್ ವೈರು ನೋಡಿದ, ಲಗ್ ಜಗ್ಗಿದ, ಸೇಫ್ಟಿ ಪುಸ್ತಕದ ಆ ಪುಟ ಎರಡು ಸಲ ಓದಿದ. ಆಮೇಲೆ ತಲೆಯಾಡಿಸಿದ. ಚಾರ್ಜ್‌ಹ್ಯಾಂಡ್ ಗುಂಡಿ ಒತ್ತಿದರು. ಮೋಟರು ಗುಂಯ್‌ಗುಡುತ್ತ ಎದ್ದಿತು, ಟ್ಯೂಬ್‌ಲೈಟು ಒಂದು ರೆಪ್ಪೆ ಬಡಿಯಿತು, ಸ್ಟಾರ್ಟರ್ ಟಕ್ಕೆಂದಿತು, ಮೋಟರು ಪೂರ್ತಿ ವೇಗ ಹಿಡಿಯಿತು. ಸ್ವಲ್ಪ ಹೊತ್ತಿಗೆ ಆ ಕಡೆಯ ಪೈಪಿನಲ್ಲಿ ಸಿಹಿನೀರು. ಸೂಡಾನಿ ಇಂಜಿನಿಯರ್ ಎಲ್ಲರಿಗೂ ‘ಮಬ್ರೂಕ್, ಮಬ್ರೂಕ್’ ಎಂದು ಅಭಿನಂದಿಸಿ ಕೈ ಕುಲುಕಿದರು.

ಫೋರ್ಮನ್ ಆಗಿ ಅಬುಧಾಬಿಯಿಂದ ಬೇರೆ ಯಾರೋ ಬಂದರು. ತನ್ನ ತಪ್ಪನ್ನು ತಾನೇ ಬರೆದುಕೊಂಡವನನ್ನು ಮೇಲೇರಿಸುವುದು ಹೇಗೆ ಎಂದು ಆಫೀಸಿನವರು ಕೇಳಿದರಂತೆ. ನನ್ನ ಕಾಗದ ಮಾತ್ರ ಚಾರ್ಜ್‌ಹ್ಯಾಂಡ್ ಮೇಜಿನ ಮೇಲೇ ಇತ್ತು. ಒಂದು ದಿನ, ಎರಡು ದಿನ, ಮೂರು ದಿನ. ನಾಲ್ಕನೆಯ ದಿನ ಕೇಳಿಯೇಬಿಟ್ಟೆ.

‘ಹಾಕುದಿಲ್ಲ’ ಎಂದರು.

‘ಅಂದ್ರ?’

‘ಸೈನ್ ಹಾಕುದಿಲ್ಲ, ಗದಗ.’

‘ಆರ್ಡರ್ ತಪ್ಪ ಕೊಟ್ಟಾವ ನಾನ ಅಂತ ನೀವ ಬರದೀರಿ. ಹಂಗಾದ್ರ ನನ್ನ ತಪ್ಪೇನ್ರೀ?’

‘ಆರ್ಡರಿನ ತಪ್ಪು ನಂದು. ಅದು ಪುಸ್ತಕದಲ್ಲಿ ಉಂಟು. ನಿನ್ನದು ಪುಸ್ತಕದಲ್ಲಿಲ್ಲ. ನಿನಗೆ ಡೌಟ್ ಬಂದಿತ್ತಾ ಇಲ್ವಾ?’

ನಾನು ಮೇಜಿನ ಮೇಲಿದ್ದ ಕಾಗದವನ್ನು ನೋಡಿದೆ. ಅವರಿಗೆ ಅದೇ ಉತ್ತರವಾಯಿತು.

‘ನಿನ್ನಷ್ಟು ಕೆಲಸ ಗೊತ್ತಿರುವವ ಈ ಕ್ಯಾಂಪಿನಲ್ಲಿ ಇಲ್ಲ. ಆದ್ರೆ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಾಚುವವನಿಗೆ ನಾನು ಲಾಯಕ್ಕು ಅಂತ ಬರೆದುಕೊಟ್ರೆ, ನಾಳೆ ನೀನು ಯಾರನ್ನಾದ್ರೂ ಕೊಂದ್ರೆ, ಆ ಸೈನ್ ಯಾರದ್ದು?’

‘ನೀವು ಹೆದರುಪುಕ್ಕಲ್ರು’ ಎಂದೆ. ಇನ್ನೂ ಕೆಟ್ಟದ್ದನ್ನೂ ಅಂದೆ, ಬರೆಯುವುದಿಲ್ಲ. ಅವರು ‘ಹೌದು ಮಾರಾಯ’ ಎಂದಷ್ಟೇ ಹೇಳಿದರು.

ಬೇಸಿಗೆ ಮುಗಿದು ಚಳಿ ಬಂದರೂ ನಾನು ಅವರೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಶುಕ್ರವಾರ ಹೆಂಡತಿ ‘ಆತೇನ್ರೀ?’ ಎನ್ನುವಳು. ‘ಆಗಾಕತ್ತೈತಿ’ ಎನ್ನಲು ನಾಲಿಗೆ ಏಳದೆ ಲೈನು ಸರಿಯಿಲ್ಲ ಎಂದು ಇಟ್ಟುಬಿಡುವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಯಾವ ಸ್ವಿಚ್ಚಿನ ಮೇಲೆ ಕೈಯಿಟ್ಟರೂ ಆ ಕಡೆಯ ತುದಿಯಲ್ಲಿ ಯಾರೋ ನಿಂತಿದ್ದಾರೆ ಎನಿಸುತ್ತಿತ್ತು. ಕೇಬಲ್ ಎಷ್ಟು ಉದ್ದವೋ ಅಷ್ಟು ದೂರದಲ್ಲಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು. ಆ ಚಳಿಗಾಲದಲ್ಲಿ ನಾನೂ ಬೀಗ ಜಗ್ಗಿ ನೋಡಲು ಶುರುಮಾಡಿದೆ.

ಒಂದು ದಿನ ಇನ್ನೊಂದು ಕಾರವಾನಿಗೆ ಕಂಪ್ರೆಸರ್ ಮೋಟರ್ ಕೂರಿಸುತ್ತಿದ್ದೆವು. ಪ್ಯಾನೆಲಿನಲ್ಲಿ ಐದು ಕೇಬಲ್. ಹಿಂದಿನಿಂದ ಅವರು, ‘ಮೂರನೇದ್ದು ಕರೆಂಟ್ ಇಲ್ಲ. ಬಿಚ್ಚು’ ಎಂದರು.

‘ಮೂರನೇದ್ದು ಕರೆಂಟ್ ಇಲ್ಲ, ಬಿಚ್ಚಬೇಕು’ ಎಂದು ವಾಪಸ್ ಹೇಳಿದೆ. ಸ್ಪ್ಯಾನರ್ ಎತ್ತಿದೆ. ನಡುವಿನದೇ ಮೂರನೆಯದು, ಎಡದಿಂದ ಎಣಿಸಿದರೂ ಅದೇ, ಬಲದಿಂದ ಎಣಿಸಿದರೂ ಅದೇ. ಕೇಳುವುದೇನಿದೆ? ಆದರೂ ಎಡ ಮೂಲೆಯಲ್ಲಿ ಒಂದು ಖಾಲಿ ಜಾಗವಿತ್ತು, ಕೇಬಲ್ ಇಲ್ಲದ್ದು. ಅದನ್ನೂ ಎಣಿಕೆಗೆ ಹಿಡಿದರೆ?

‘ನಂಗ ತಿಳೀಲಿಲ್ರೀ’ ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ‘ಈ ಖಾಲಿ ಜಾಗ ಹಿಡದು ಮೂರೋ, ಬಿಟ್ಟು ಮೂರೋ?’

ತಿರುಗಿ ನೋಡಿದೆ. ಅವರು ಹತ್ತಿರ ಬಂದು, ಬಗ್ಗಿ, ಕೇಬಲನ್ನೇ ಬೆರಳಿನಿಂದ ತೋರಿಸಿ ‘ಹಿಡಿದು’ ಎಂದರು. ಅಂದರೆ ನಾನು ಬಿಚ್ಚಲಿದ್ದದ್ದಲ್ಲ, ಅದರ ಪಕ್ಕದ್ದು. ನಾನು ಟೆಸ್ಟರ್ ಹಚ್ಚಿದೆ. ನಡುವಿನದರಲ್ಲಿ ಬಲ್ಬು ಬೆಳಗಿತು, ಪಕ್ಕದ್ದರಲ್ಲಿ ಇಲ್ಲ. ಇಬ್ಬರೂ ಅದನ್ನು ನೋಡಿದೆವು. ಪಕ್ಕದ್ದನ್ನು ಬಿಚ್ಚಿದೆ.

ಮರುದಿನ ಬೆಳಿಗ್ಗೆ ನನ್ನ ಟೂಲ್‌ಬಾಕ್ಸ್ ಮುಚ್ಚಳ ಎತ್ತಿದರೆ ಮೇಲೆಯೇ ನನ್ನ ಕಾಗದ. ಏಳು ತಿಂಗಳ ಧೂಳು, ಹೊಸ ಶಾಯಿಯ ಸಹಿ. ಆ ಶುಕ್ರವಾರ ಹೆಂಡತಿ ಕೇಳುವ ಮೊದಲೇ ‘ಆತು’ ಎಂದೆ. ಅವಳು ಏನು ಆಯಿತು ಎಂದು ಕೇಳಿ ಅತ್ತಳು.

೨೦೦೬ರಲ್ಲಿ ಅವರು ಊರಿಗೆ ಹೊರಟರು, ಚಾರ್ಜ್‌ಹ್ಯಾಂಡ್ ಆಗಿಯೇ. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ದಾರಿಯಲ್ಲಿ ಎರಡು ಸಲ ವ್ಯಾನು ನಿಲ್ಲಿಸಿ ಪೆಟ್ಟಿಗೆಯ ಹಗ್ಗ ನೋಡಿದರು. ಒಳಗೆ ಹೋಗುವ ಮೊದಲು, ‘ನನ್ನ ಮೇಲೆ ಕೋಪ ಇನ್ನೂ ಉಂಟಾ?’ ಎಂದು ಕೇಳಿದರು. ‘ಇಲ್ರೀ’ ಎಂದೆ. ‘ಸ್ವಲ್ಪ ಇರಲಿ ಮಾರಾಯ. ಒಳ್ಳೇದು’ ಎಂದು ಹೋದರು.

ಅವರಿಗೆ ಆಗಾಗ ಫೋನ್ ಮಾಡುತ್ತಿದ್ದೆ. ಊರಿನಲ್ಲಿ ಮೀಟರ್ ಬೋರ್ಡಿನ ಹತ್ತಿರ ಹೋಗಬೇಡಿ ಎಂದು ಹೇಳುತ್ತಿದ್ದೆ, ಅವರು ಬೈಯುತ್ತಿದ್ದರು.

ಈಗ ನಾನು ಅಬುಧಾಬಿಯ ಮುಸಫ್ಫಾದಲ್ಲಿ ಇನ್ನೊಂದು ಕಂಪನಿಯ ಚಾರ್ಜ್‌ಹ್ಯಾಂಡ್. ನನ್ನಲ್ಲಿ ಇರುವುದನ್ನು ಎಣಿಸಿಬಿಡುತ್ತೇನೆ. ಜೊತೆಗಿರುವ ಹೆಂಡತಿ ಒಬ್ಬಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ಇಬ್ಬರು. ಕೋಣೆ ಎರಡು. ಶಾಲೆಯ ಸರ್ಟಿಫಿಕೇಟು ಒಂದೂ ಇಲ್ಲ. ‘ಲಾಯಕ್ಕು’ ಎಂದು ನಾನು ಸಹಿ ಹಾಕಿಕೊಟ್ಟವರು ಒಂಬತ್ತು ಜನ. ಹಾಕದೆ ನಿಲ್ಲಿಸಿದವರು ನಾಲ್ಕು, ಅವರಲ್ಲಿ ಇಬ್ಬರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಹದಿಮೂರೂ ಜನ ಬದುಕಿದ್ದಾರೆ.